ಹೊಟ್ಟೆಗಿಲ್ಲದ ಕಾಲದಲ್ಲಿ ಪಿಂಗಾಣಿ ಬೊಂಬೆ ಯಾಕೆ?

ಪ್ರಶ್ನೆ: 1917ರ ಕ್ರಾಂತಿಯಾದ ಹೊಸದರಲ್ಲಿ ರಷ್ಯಾದ ಜನಕ್ಕೆ ಬ್ರೆಡ್ಡಿಗೂ ಗತಿ ಇರಲಿಲ್ಲ. ಅಂಥ ಹೊತ್ತಲ್ಲಿ ಸರ್ಕಾರ ಪಿಂಗಾಣಿ ಬೊಂಬೆ ಮಾಡಿಸಿದ್ದು ಯಾಕೆ? ಕೊಂಡವರು ಯಾರು?

ಉತ್ತರ: ಹೇಳಿದ್ದು ಪ್ರಚಾರಕ್ಕೆ ಅಂತ. ಕೊಂಡವರು ಮಾತ್ರ ಹೆಚ್ಚಾಗಿ ಸಂಗ್ರಹಕಾರರು, ವಿದೇಶಿಯರು.

ಪೆಟ್ರೋಗ್ರಾಡ್‌ನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) 1744ರಿಂದಲೂ ಅರಮನೆಯ ಪಿಂಗಾಣಿ ಕಾರ್ಖಾನೆ ಇತ್ತು. 1918ರಲ್ಲಿ ಅದು ಸರ್ಕಾರದ ಕೈಗೆ ಬಂತು. ನುರಿತ ಕೆಲಸಗಾರರು ಅಲ್ಲೇ ಇದ್ದರು. ಬಣ್ಣ ಹಚ್ಚದೆ ಉಳಿದ ಬಿಳಿ ತಟ್ಟೆಗಳೂ ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಆ ತಟ್ಟೆಗಳ ಅಡಿಯಲ್ಲಿ ತ್ಸಾರ್‌ ದೊರೆಯ ಮುದ್ರೆ! ಅದರ ಮೇಲೆ ಹಸಿರೋ ಕಪ್ಪೋ ಬಣ್ಣ ಬಳಿದು, ಪಕ್ಕದಲ್ಲಿ ಸುತ್ತಿಗೆ, ಕುಡುಗೋಲು, ಹಲ್ಲಿನ ಚಕ್ರದ ಹೊಸ ಗುರುತು ಹಾಕಿದರು. ಮುಂಭಾಗದಲ್ಲಿ ಘೋಷಣೆ ಬರೆದರು. ಕೆಲವು ಕಡೆ ಹಳೇ ಮುದ್ರೆ ಮುಚ್ಚದೆ ಬಿಟ್ಟಿದ್ದೂ ಉಂಟು.

ಬೊಂಬೆಗಳನ್ನು ಮಾತ್ರ ಹೊಸದಾಗಿಯೇ ಮಾಡಬೇಕಿತ್ತು. 1918ರಲ್ಲಿ ವಾಸಿಲಿ ಕುಜ್ನೆತ್ಸೋವ್ ಕೆಂಪು ಸೈನಿಕನ ಬೊಂಬೆ ಮಾಡಿದರು. ಆಮೇಲೆ ಹೆಸರು ಮಾಡಿದವರು ನತಾಲಿಯಾ ದಾಂಕೊ. ಮೊದಲು ಕುರಿ ಕಾಯುವ ಚೆಲುವೆ, ನರ್ತಕಿ ಇರುತ್ತಿದ್ದ ಕಪಾಟಿನಲ್ಲಿ ಈಕೆ ಬಾವುಟಕ್ಕೆ ಕಸೂತಿ ಹಾಕುವ ಕೆಲಸಗಾರ್ತಿಯನ್ನು ಕೂರಿಸಿದರು.

ನನ್ನ ಮಟ್ಟಿಗೆ ಆಕೆಯ ಚದುರಂಗದ ಸೆಟ್ಟೇ ಎಲ್ಲಕ್ಕಿಂತ ಮಜಾ. 1922ರ ಸುಮಾರಿಗೆ ಮಾಡಿದ್ದು. ಒಂದು ಕಡೆ ಕೆಂಪು, ಅಂದರೆ ಕ್ರಾಂತಿಯ ಪಕ್ಷದವರು, ಇನ್ನೊಂದು ಕಡೆ ಬಂಡವಾಳಗಾರರು. ಕೆಂಪು ರಾಜ ಸುತ್ತಿಗೆ ಹಿಡಿದ ಕಮ್ಮಾರ. ಎದುರಾಳಿ ರಾಜ ಯಾರು ಗೊತ್ತಾ? ಕವಚ ತೊಟ್ಟು, ತುಪ್ಪಳದ ನಿಲುವಂಗಿ ಹೊದ್ದ ಅಸ್ಥಿಪಂಜರ, ಅಂದರೆ ಸಾವು. ಅವನ ಪಕ್ಕದ ರಾಣಿ ಕೊಂಬಿನಿಂದ ಚಿನ್ನದ ನಾಣ್ಯ ಸುರಿಸುತ್ತಾಳೆ. ಮುಂದಿನ ಸಾಲಿನ ಕಾಲಾಳುಗಳ ಮೈಗೆ ಸರಪಳಿ. ಕೆಂಪು ಕಡೆಯ ಕಾಲಾಳುಗಳೋ, ಕುಡುಗೋಲು ಹಿಡಿದ ರೈತರು. ಆಡೋಕೆ ಮೊದಲೇ ಯಾರು ಗೆಲ್ಲಬೇಕು ಅಂತ ತೀರ್ಮಾನ ಆಗಿಬಿಟ್ಟಿದೆ, ಅಲ್ವಾ?

ಆದರೆ ಇದನ್ನೆಲ್ಲ ಕೈಯಲ್ಲಿ ಬಣ್ಣ ಹಚ್ಚಿ, ಸುಡಬೇಕು. ಅಷ್ಟು ಖರ್ಚಿನ ಮಾಲು ಕೂಲಿಯವನ ಮನೆಗೆ ಹೋಗುವುದು ಹೇಗೆ? ಸರ್ಕಾರಕ್ಕೂ ವಿದೇಶಿ ಹಣ ಬೇಕಿತ್ತು. ಹೊರದೇಶಗಳಲ್ಲಿ ಪ್ರದರ್ಶನ ಇಟ್ಟರು, ಮಾರಿದರು. 1925ರಲ್ಲಿ ಪ್ಯಾರಿಸ್‌ನ ದೊಡ್ಡ ಅಲಂಕಾರ ಕಲಾ ಪ್ರದರ್ಶನದಲ್ಲಿ ಈ ಪಿಂಗಾಣಿಗೆ ಚಿನ್ನದ ಪದಕವೂ ಬಂತು. ಬಂಡವಾಳಗಾರರನ್ನು ಗೇಲಿ ಮಾಡಿದ ಬೊಂಬೆಗಳಿಗೆ ದುಡ್ಡು ಕೊಟ್ಟವರಲ್ಲಿ ಬಂಡವಾಳಗಾರರೂ ಇದ್ದರು.

ಇನ್ನೊಂದು ಮಾತು. ಅದೇ ಅಚ್ಚಿನಿಂದ ಬೊಂಬೆಗಳನ್ನು ಮುಂದೆಯೂ ತೆಗೆದಿದ್ದಾರೆ, ಬಣ್ಣ ಮಾತ್ರ ಒಂದೊಂದಕ್ಕೆ ಒಂದೊಂದು ಥರ. ಹಾಗಾಗಿ ಮ್ಯೂಸಿಯಂನವರು ಮೊದಲು ನೋಡೋದು ಬೊಂಬೆಯ ಮುಖವನ್ನಲ್ಲ, ಅಡಿಯಲ್ಲಿರುವ ಗುರುತನ್ನು.