ಮೊದಲು ಗುರುತಿಟ್ಟವರು ಯಾರು?

ವೆಬ್ ತಾಣ ಕಟ್ಟುವ ನಮ್ಮ ತಂಡಕ್ಕೆ ಸೇರುವ ಹೊಸ ಹುಡುಗ ಹುಡುಗಿಯರು ಎರಡನೇ ವಾರಕ್ಕೆಲ್ಲ ಕೇಳುವ ಪ್ರಶ್ನೆ ಒಂದಿದೆ: "ಸಾರ್, ಯಾರನ್ನ ಫಾಲೋ ಮಾಡ್ಬೇಕು?" ಮೊದಮೊದಲು ಹತ್ತು ಹೆಸರು ಬರೆದು ಕೊಡುತ್ತಿದ್ದೆ. ವರ್ಷ ತುಂಬುವುದರೊಳಗೆ ಆ ಪಟ್ಟಿ ಹಳಸುತ್ತಿತ್ತು. ಒಬ್ಬರು ಕೋರ್ಸ್ ಮಾರಲು ಕೂತಿರುತ್ತಿದ್ದರು, ಇನ್ನೊಬ್ಬರು ಕೋಡ್ ಬಿಟ್ಟು ಕ್ರಿಪ್ಟೋ ಹಿಡಿದಿರುತ್ತಿದ್ದರು. ಈಗ ಪಟ್ಟಿ ಕೊಡುವುದಿಲ್ಲ. ಒಳ್ಳೆಯದೊಂದು ಲಿಂಕ್ ಕೊಟ್ಟು, ಇದನ್ನು ಎಲ್ಲರಿಗಿಂತ ಮೊದಲು ಬುಕ್‌ಮಾರ್ಕ್ ಮಾಡಿದವರನ್ನು ಹುಡುಕಿಕೊಂಡು ಬಾ ಎನ್ನುತ್ತೇನೆ.

ಈ ಚಟ ನನಗೆ ಹತ್ತಿದ್ದು ಡಿಲಿಷಿಯಸ್ ಕಾಲದಲ್ಲಿ. 2003ರಲ್ಲಿ ಜೋಶುವಾ ಶಾಕ್ಟರ್ ಶುರುಮಾಡಿದ ತಾಣ ಅದು. ಬುಕ್‌ಮಾರ್ಕುಗಳನ್ನು ಬ್ರೌಸರಿನೊಳಗೆ ಮುಚ್ಚಿಡದೆ ಊರಿಗೆಲ್ಲ ಕಾಣುವಂತೆ ಹರವಿಡುವುದು ಅದರ ಕೆಲಸ. ಯಾವುದೇ ಲಿಂಕಿನ ಚರಿತ್ರೆ ತೆಗೆದರೆ ಅದನ್ನು ಉಳಿಸಿದವರ ಸಾಲು ದಿನಾಂಕ ಸಮೇತ ಸಿಗುತ್ತಿತ್ತು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್, ಇಡೀ ಪುಟ ಮತ್ತೆ ಲೋಡ್ ಆಗದೆ ಮಾಹಿತಿ ತರಿಸುವ ವಿಧಾನಕ್ಕೆ 'ಅಜಾಕ್ಸ್' ಎಂಬ ಹೆಸರಿಟ್ಟು ಬರೆದ ಲೇಖನ ನಮ್ಮ ಕಸುಬನ್ನೇ ತಿರುಗಿಸಿತಲ್ಲ, ಅಂಥ ಲೇಖನಗಳ ಸಾಲಿನಲ್ಲಿ ನಾನು ನೋಡುತ್ತಿದ್ದದ್ದು ಬುಡದ, ಅಂದರೆ ಎಲ್ಲರಿಗಿಂತ ಮೊದಲು ಉಳಿಸಿದ, ನಾಲ್ಕೈದು ಹೆಸರುಗಳನ್ನು ಮಾತ್ರ.

ಲಿಂಕ್ ಒಂದು ಮುಖಪುಟಕ್ಕೆ ಬಂದಮೇಲೆ ಅದನ್ನು ಉಳಿಸುವುದಕ್ಕೆ ತಲೆ ಬೇಕಿಲ್ಲ, ಬೆರಳು ಸಾಕು. ಜನ ಸೇರುವ ಮುಂಚೆ ಉಳಿಸಿದವರು ಮಾತ್ರ ಅದನ್ನು ಓದಿ, ಸ್ವಂತ ಬುದ್ಧಿಯಿಂದ ತೂಗಿರಬೇಕು. ಹಾಗಂತ ಒಂದು ಸಲ ಮೊದಲಿಗರಾದವರನ್ನೆಲ್ಲ ನಂಬಬೇಡಿ. ಕಂಡದ್ದನ್ನೆಲ್ಲ ಬಾಚಿಕೊಳ್ಳುವವರು ಎಲ್ಲ ಸಾಲಿನಲ್ಲೂ ಮುಂದೆಯೇ ಇರುತ್ತಾರೆ. ದಿನಕ್ಕೆ ಅರವತ್ತು ಲಿಂಕ್ ಉಳಿಸುವವರು ಒಂದೋ ಓದುತ್ತಿಲ್ಲ, ಇಲ್ಲವೇ ಮನುಷ್ಯರೇ ಅಲ್ಲ. ಬೇರೆ ಬೇರೆ ಕಾಲದ ಮೂರು ಒಳ್ಳೆಯ ಲೇಖನ ತೆಗೆದುಕೊಳ್ಳಿ. ಎರಡು ಕಡೆಯಾದರೂ ಬುಡದಲ್ಲಿ ಅದೇ ಹೆಸರು ಕಂಡು, ಆ ಖಾತೆಯಲ್ಲಿ ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಲಿಂಕ್ ಇಲ್ಲದಿದ್ದರೆ ಅಲ್ಲಿ ಒಂದರ್ಧ ಗಂಟೆ ಕಳೆಯಬಹುದು.

ಆ ಅರ್ಧ ಗಂಟೆಯಲ್ಲಿ ನೋಡಬೇಕಾದ್ದು ಪಕ್ಕದ ಟಿಪ್ಪಣಿ. "ಅದ್ಭುತ ಲೇಖನ" ಎಂದು ಬರೆದಿದ್ದರೆ ಮುಂದೆ ಹೋಗಿ. "ಎರಡನೇ ಉದಾಹರಣೆ ಸಫಾರಿ ಬ್ರೌಸರಿನಲ್ಲಿ ಮುರಿಯುತ್ತೆ" ಎಂದಿದ್ದರೆ ನಿಲ್ಲಿ, ಅವರು ಕೋಡ್ ಓಡಿಸಿ ನೋಡಿದ್ದಾರೆ. "ತಿಳಿದಿರಲೇಬೇಕಾದ ಹತ್ತು ಟ್ರಿಕ್" ಜಾತಿಯ ಬರಹಗಳೇ ತುಂಬಿವೆಯೋ, ವೆಬ್ ಮಾನದಂಡಗಳ ಕರಡು, ಬ್ರೌಸರಿನ ಬಗ್ (ದೋಷ) ವರದಿಗಳೂ ನಡುನಡುವೆ ಇವೆಯೋ ಅದನ್ನೂ ಗಮನಿಸಿ. ಬಗ್ ವರದಿಯನ್ನು ಬುಕ್‌ಮಾರ್ಕ್ ಮಾಡುವವರು ಅದರಿಂದ ಏಟು ತಿಂದವರು. ಅವರಿಂದ ಕಲಿಯುವುದು ಜಾಸ್ತಿ.

ಲಿಂಕಿಗೆ ಅಂಟಿಸುವ ವಿಷಯದ ಚೀಟಿ, ಅಂದರೆ ಟ್ಯಾಗ್ ಹಿಡಿದೂ ಹುಡುಕಬಹುದು, ಆದರೆ ಸಣ್ಣ ಟ್ಯಾಗ್ ಹಿಡಿಯಬೇಕು. 'ಜಾವಾಸ್ಕ್ರಿಪ್ಟ್' ಎಂಬ ಟ್ಯಾಗ್ ಸಂತೆ ಇದ್ದಂತೆ, ಅಲ್ಲಿ ಯಾರ ದನಿಯೂ ಕೇಳುವುದಿಲ್ಲ. ಒಮ್ಮೆ ನಮ್ಮದೊಂದು ಫಾರ್ಮಿನಲ್ಲಿ ಸಂಘದ ಹೆಸರಿಗೆ 10 ಅಕ್ಷರದ ಮಿತಿ ಹಾಕಿದ್ದೆವು. 'ಸ್ತ್ರೀಶಕ್ತಿ' ನಮ್ಮ ಕಣ್ಣಿಗೆ ಮೂರೇ ಅಕ್ಷರ. ಒತ್ತು, ಗುಣಿತಗಳನ್ನೂ ಬಿಡಿಬಿಡಿಯಾಗಿ ಎಣಿಸುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೆಕ್ಕದಲ್ಲಿ 11. ಕೊನೆಯ ಗುಣಿತ ಉದುರಿ 'ಸ್ತ್ರೀಶಕ್ತ' ಎಂದು ಸೇವ್ ಆಗಿ ಕೂತಿತ್ತು! ಬಗ್ ತೋರಿಸಿದವರು ಆ ಸಂಘದ ಹೆಂಗಸರೇ. ಆಗ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಮಾನದಂಡ), ಅಂತರರಾಷ್ಟ್ರೀಕರಣದ ಟ್ಯಾಗುಗಳಲ್ಲಿ ಕೈಯಾಡಿಸುತ್ತಾ ಹೋದಾಗ ಸಿಕ್ಕಿದ್ದು, ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿಯಲ್ಲಿ ಬಹಳ ವರ್ಷ ಈ ಕೆಲಸವನ್ನೇ ಮಾಡಿದ ರಿಚರ್ಡ್ ಇಶಿದಾ ಅವರು ಕನ್ನಡ ಲಿಪಿಯ ಮೇಲೆ ಬರೆದಿಟ್ಟ ಟಿಪ್ಪಣಿಗಳು. ನಮ್ಮ ಒತ್ತು, ಅರ್ಕಾವತ್ತು, ಗುಣಿತಗಳನ್ನು ನಾನು ಶಾಲೆಯಲ್ಲಿ ಕಲಿತದ್ದಕ್ಕಿಂತ ನೆಟ್ಟಗೆ ಬಿಡಿಸಿಟ್ಟಿದ್ದರು ಪುಣ್ಯಾತ್ಮ. ಅಂಥದ್ದನ್ನು ಉಳಿಸಿಟ್ಟವರನ್ನು ಹಿಂಬಾಲಿಸಿದರೆ ಫಾಂಟ್ ಮಾಡುವವರು, ಕೀಬೋರ್ಡ್ ಬರೆಯುವವರು ಒಬ್ಬೊಬ್ಬರಾಗಿ ಸಿಗುತ್ತಾರೆ. 'ಜನಪ್ರಿಯ' ಎಂಬ ಪುಟ ಇವರನ್ನು ಎಂದೂ ತೋರಿಸುವುದಿಲ್ಲ.

ಡಿಲಿಷಿಯಸ್ ಈಗ ಇಲ್ಲ. 2005ರಲ್ಲಿ ಯಾಹೂ ಕೊಂಡಿತು, 2011ರಲ್ಲಿ ಯೂಟ್ಯೂಬ್ ಕಟ್ಟಿದ ಚಾಡ್ ಹರ್ಲಿ ಮತ್ತು ಸ್ಟೀವ್ ಚೆನ್ ಕೈಗೆ ಹೋಯಿತು, ಕೈ ಬದಲಾಗುತ್ತಾ ಕೊನೆಗೆ 2017ರಲ್ಲಿ ಅಂಥದ್ದೇ ಬುಕ್‌ಮಾರ್ಕ್ ತಾಣವಾದ ಪಿನ್‌ಬೋರ್ಡಿನ ಮಾಚೇ ಸೆಗ್ವೋವ್ಸ್ಕಿ ಬರೀ 35,000 ಡಾಲರಿಗೆ ಕೊಂಡು ಬಾಗಿಲು ಹಾಕಿದರು. ನಮ್ಮ ಬೆಂಗಳೂರಲ್ಲಿ ಆ ದುಡ್ಡಿಗೆ ಒಳ್ಳೆಯ ಕಡೆ ಒಂದು ಸೈಟೂ ಬರುವುದಿಲ್ಲ. 2009ರಲ್ಲಿ ಶುರುವಾದ ಪಿನ್‌ಬೋರ್ಡಿನಲ್ಲಿ ಹಳೆಯ ಆಟ ಇನ್ನೂ ಆಡಬಹುದು. ಲಿಂಕ್ ಹಂಚಿ ಚರ್ಚಿಸುವ ಲಾಬ್‌ಸ್ಟರ್ಸ್ ಇನ್ನೊಂದು ಒಳ್ಳೆಯ ಜಾಗ. ಟ್ಯಾಗ್ ಇಲ್ಲದೆ ಅಲ್ಲಿ ಲಿಂಕ್ ಹಾಕುವಂತಿಲ್ಲ, ಒಳಗಿದ್ದವರು ಕರೆದರಷ್ಟೇ ಸದಸ್ಯರಾಗಬಹುದು, ಯಾರು ಯಾರನ್ನು ಕರೆತಂದರು ಎಂಬ ವಂಶವೃಕ್ಷವೂ ಎಲ್ಲರಿಗೂ ಕಾಣುತ್ತದೆ. ಒಬ್ಬರು ಹಿಡಿಸಿದರೆ ಅವರು ಕರೆದವರನ್ನೂ ನೋಡಿ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಮೆಚ್ಚಿದ್ದಕ್ಕೆ ಕೊಡುವ ಸ್ಟಾರ್ ಕೂಡ ಬುಕ್‌ಮಾರ್ಕೇ. ಒಟ್ಟು ಎಷ್ಟು ಸ್ಟಾರ್ ಬಿದ್ದಿವೆ ಎಂಬುದನ್ನು ಬಿಡಿ, ಅವನ್ನು ದುಡ್ಡಿಗೆ ಮಾರುವವರಿದ್ದಾರೆ. ನೀವು ಮೆಚ್ಚಿದ ಡೆವಲಪರ್ ಯಾವುದಕ್ಕೆ ಸ್ಟಾರ್ ಕೊಟ್ಟಿದ್ದಾರೆ ಎಂಬ ಪಟ್ಟಿ ತೆರೆದು ನೋಡಿ.

ಹೆಸರು ಕೊಡುವುದಿಲ್ಲ ಎಂದೆನಾದರೂ ಮಾದರಿಗೆ ಒಂದು ಹೇಳಿಬಿಡುತ್ತೇನೆ. ವೆಬ್ ತಾಣ ಕಟ್ಟಲು ಬಳಸುವ ಚೌಕಟ್ಟು ಜ್ಯಾಂಗೋ ಕಟ್ಟಿದವರಲ್ಲಿ ಒಬ್ಬರಾದ ಸೈಮನ್ ವಿಲಿಸನ್ 2003ರಿಂದ ತಮ್ಮದೇ ತಾಣದಲ್ಲಿ ಲಿಂಕುಗಳನ್ನು ಕೂಡಿಡುತ್ತಿದ್ದಾರೆ. ಇತ್ತೀಚೆಗಂತೂ ಲಿಂಕಿನ ಕೆಳಗೆ ತಾವು ಅದರಲ್ಲಿ ಏನು ಪ್ರಯೋಗ ಮಾಡಿದೆವು ಎಂಬುದೂ ಇರುತ್ತದೆ. ಅವರ ಟಿಪ್ಪಣಿಗಳನ್ನು ಒಂದು ವಾರ ಓದಿದರೆ ಉಳಿದವರನ್ನು ಅಳೆಯುವ ಕೋಲು ತಾನಾಗಿ ಸಿಗುತ್ತದೆ.

ಸಿಕ್ಕವರನ್ನು ನಾನು, ಅವರು ಹೊಸದಾಗಿ ಹಾಕಿದ್ದನ್ನೆಲ್ಲ ತಾನಾಗಿ ತಂದುಕೊಡುವ ಆರೆಸ್ಸೆಸ್ ಫೀಡಿಗೆ ಹಾಕಿಕೊಳ್ಳುತ್ತೇನೆ (ಈ ಹೆಸರು ಕೇಳಿ ಹೊಸಬರು ಒಮ್ಮೆ ನಗುತ್ತಾರೆ, ನಗಲಿ). ಒಂದು ತಿಂಗಳಲ್ಲಿ ಅವರ ಒಂದು ಲಿಂಕನ್ನೂ ಪೂರ್ತಿ ಓದದಿದ್ದರೆ ತೆಗೆದುಹಾಕುತ್ತೇನೆ, ಎಷ್ಟೇ ದೊಡ್ಡ ಹೆಸರಾದರೂ.

ಮೊನ್ನೆ ತಂಡದ ಹುಡುಗಿಯೊಬ್ಬಳು ಎರಡು ಖಾತೆ ಹುಡುಕಿಕೊಂಡು ಬಂದಳು. ಒಂದು ನನಗೆ ಗೊತ್ತೇ ಇರಲಿಲ್ಲ, ಬರೆದಿಟ್ಟುಕೊಂಡೆ. ಹೋಗುವಾಗ, ಅದೇ ಅಳತೆಗೋಲಿನಲ್ಲಿ ನನ್ನ ಖಾತೆಯನ್ನೂ ನೋಡಿದೆ ಎಂದಳು. ಈ ವರ್ಷ ಉಳಿಸಿದ ನಲವತ್ತು ಲಿಂಕಿನಲ್ಲಿ ಟಿಪ್ಪಣಿ ಇದ್ದದ್ದು ಆರಕ್ಕೆ.