44 ವರ್ಷವಾದರೂ ಮಾಸದ ಗೆರೆ

ಹೊಲದಲ್ಲಿ ಟ್ರ್ಯಾಕ್ಟರ್ ಓಡಾಡಿದ ಗುರುತು ಎಷ್ಟು ದಿನ ಉಳಿಯುತ್ತದೆ? ಎರಡು ಒಳ್ಳೆಯ ಮಳೆ ಬಿದ್ದರೆ ಅಳಿಸಿ ಹೋಗುತ್ತದೆ. 1979ರಲ್ಲಿ ಪೆಸಿಫಿಕ್ ಸಾಗರದ ತಳದಲ್ಲಿ, ಹವಾಯಿ ಮತ್ತು ಮೆಕ್ಸಿಕೊ ನಡುವೆ, ಒಂದು ಗಣಿ ಯಂತ್ರವನ್ನು ಪ್ರಯೋಗಕ್ಕೆಂದು ಓಡಿಸಿದ್ದರು. ಸಣ್ಣ ಪ್ರಯೋಗ. 2023ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಅದೇ ಜಾಗ ಹುಡುಕಿ ಕ್ಯಾಮೆರಾ ಇಳಿಸಿದರು. ಯಂತ್ರ ಹೋದ ಗೆರೆಗಳು ನಿನ್ನೆ ಮೊನ್ನೆ ಎಳೆದ ಹಾಗೆ ಇದ್ದವು. ಕೆಲವು ಚಿಕ್ಕ ಜೀವಿಗಳು ವಾಪಸ್ ಬಂದಿದ್ದವು. ನೆಲಕ್ಕೆ ಅಂಟಿಕೊಂಡು ಬದುಕುವ ದೊಡ್ಡ ಜೀವಿಗಳು ಮಾತ್ರ ಗೆರೆಯೊಳಗೆ ಅಲ್ಲೊಂದು ಇಲ್ಲೊಂದು.

ಅಷ್ಟು ಆಳದಲ್ಲಿ ಮಳೆ ಇಲ್ಲ, ಅಲೆ ಇಲ್ಲ, ಬೆಳಕಿಲ್ಲ. ಮೇಲಿಂದ ಉದುರುವ ಧೂಳು ಒಂದು ಪದರ ಕೂರಬೇಕಾದರೆ ಸಾವಿರಾರು ವರ್ಷ ಬೇಕು. ಅಲ್ಲಿನ ಕಾಲವೇ ಬೇರೆ. ಆಳ ಕಡಲಿನ ಗಣಿಗಾರಿಕೆ, ಆಳ ಕಡಲಿನ ಮೀನುಗಾರಿಕೆ ಎರಡರ ಚರಿತ್ರೆಯಲ್ಲೂ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ಅಲ್ಲಿನ ನಿಧಾನಕ್ಕೂ ನಮ್ಮ ಅವಸರಕ್ಕೂ ಹೊಂದಾಣಿಕೆ ಆಗಲೇ ಇಲ್ಲ.

ಆ ಯಂತ್ರ ಹುಡುಕಿಕೊಂಡು ಹೋಗಿದ್ದು ಆಲೂಗಡ್ಡೆ ಗಾತ್ರದ ಕರಿ ಕಲ್ಲುಗಳನ್ನು. ವಿಜ್ಞಾನಿಗಳು ನಾಡ್ಯೂಲ್ ಅನ್ನುತ್ತಾರೆ. ನಾವು ಲೋಹದ ಗಂಟು ಅನ್ನೋಣ. ಸಾಗರದ ತಳದ ಕೆಸರಿನ ಮೇಲೆ ಸುಮ್ನೆ ಬಿದ್ದಿರುತ್ತವೆ, ಅಗೆಯಬೇಕಾಗಿಯೂ ಇಲ್ಲ. ಒಂದನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಈರುಳ್ಳಿಯ ಹಾಗೆ ಪದರ ಪದರ. ಕೆಲವದರ ನಟ್ಟನಡುವೆ ಶಾರ್ಕ್ ಮೀನಿನ ಹಲ್ಲು ಇರುತ್ತದೆ. ಎಂದೋ ಸತ್ತ ಶಾರ್ಕಿನ ಹಲ್ಲು ತಳಕ್ಕೆ ಬಿದ್ದು, ಅದರ ಸುತ್ತ ನೀರಿನಲ್ಲಿ ಕರಗಿದ ಮ್ಯಾಂಗನೀಸ್, ಕಬ್ಬಿಣ, ನಿಕಲ್, ತಾಮ್ರ, ಕೋಬಾಲ್ಟ್ ಒಂದಿಷ್ಟೇ ಒಂದಿಷ್ಟೇ ಕೂರುತ್ತ ಬರುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ದಪ್ಪ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಗಂಟು ಬೆಳೆಯತೊಡಗಿದಾಗ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ.

ಈ ಗಂಟುಗಳನ್ನು ಜಗತ್ತಿಗೆ ತೋರಿಸಿದ್ದು ಚಾಲೆಂಜರ್ ಎಂಬ ಬ್ರಿಟಿಷ್ ಹಡಗು. 1872ರಿಂದ 1876ರವರೆಗೆ ಅದು ಸಾಗರಗಳನ್ನು ಸುತ್ತಿತು. ಅದಕ್ಕೆ ಮೂವತ್ತು ವರ್ಷ ಮೊದಲು ಎಡ್ವರ್ಡ್ ಫೋರ್ಬ್ಸ್ ಎಂಬ ವಿಜ್ಞಾನಿ, ಸುಮಾರು 550 ಮೀಟರ್ ಕೆಳಗೆ ಜೀವವೇ ಇರಲಾರದು ಎಂದಿದ್ದರು. ಚಾಲೆಂಜರ್ ಹಡಗಿನವರು ಮೈಲಿಗಟ್ಟಲೆ ಹಗ್ಗ ಇಳಿಸಿ ಕೆಸರು ಬಾಚಿದರು. ಅದರೊಳಗೆ ಜೀವಿಗಳೂ ಬಂದವು, ಈ ಕರಿ ಗಂಟುಗಳೂ ಬಂದವು. ಗಂಟುಗಳು ಮ್ಯೂಸಿಯಮ್ ಸೇರಿದವು. ಮುಂದಿನ ಸುಮಾರು 80 ವರ್ಷ ಅವುಗಳಿಗೆ ಯಾರೂ ಬೆಲೆ ಕಟ್ಟಲಿಲ್ಲ.

ಬೆಲೆ ಕಟ್ಟಿದವರು ಅಮೆರಿಕದ ಗಣಿ ಎಂಜಿನಿಯರ್ ಜಾನ್ ಮೀರೊ. ಕಡಲ ತಳದಲ್ಲಿ ಎಂದೂ ಬರಿದಾಗದ ಲೋಹದ ಕಣಜವಿದೆ, ನಾವು ತೆಗೆಯುವುದಕ್ಕಿಂತ ಬೇಗ ಅದು ತುಂಬಿಕೊಳ್ಳುತ್ತದೆ ಎಂದು 1965ರಲ್ಲಿ ಬರೆದರು. ಒಂದೊಂದು ಗಂಟಿಗೂ ಎಷ್ಟು ಕಾಲ ಬೇಕು ಎಂದು ತಿಳಿದರೆ ಈ ಮಾತು ಎಷ್ಟು ದೊಡ್ಡ ತಪ್ಪು ದಾರಿ ತೋರಿಸಿತು ಎಂದು ಗೊತ್ತಾಗುತ್ತದೆ. ಆದರೆ ಕಂಪನಿಗಳಿಗೆ, ಸರ್ಕಾರಗಳಿಗೆ ಆಸೆ ಹುಟ್ಟಿಯಾಗಿತ್ತು.

ಆಗ ಎದ್ದು ನಿಂತವರು ಮಾಲ್ಟಾ ಎಂಬ ಪುಟ್ಟ ದ್ವೀಪ ದೇಶದ ರಾಯಭಾರಿ ಅರ್ವಿಡ್ ಪಾರ್ಡೊ. ಮಾಲ್ಟಾಕ್ಕೆ ಸ್ವಾತಂತ್ರ್ಯ ಬಂದು ಮೂರೇ ವರ್ಷವಾಗಿತ್ತು. 1967ರ ನವೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಅವರು ಬೆಳಿಗ್ಗೆ ಶುರುಮಾಡಿದ ಭಾಷಣ ಮಧ್ಯಾಹ್ನಕ್ಕೂ ಮುಂದುವರಿಯಿತು. ಯಾವ ದೇಶದ ಗಡಿಗೂ ಸೇರದ ಕಡಲ ತಳ ಶಕ್ತಿವಂತ ದೇಶಗಳ ಪಾಲಾಗಬಾರದು, ಅದು ಇಡೀ ಮನುಕುಲದ ಆಸ್ತಿ ಎಂದು ವಾದಿಸಿದರು. 1970ರಲ್ಲಿ ವಿಶ್ವಸಂಸ್ಥೆ ಅದನ್ನು ತತ್ವವಾಗಿ ಒಪ್ಪಿತು. ಒಂದು ವಿಷಯ ಮಾತ್ರ ಗಮನಿಸಬೇಕು. ಅಂದಿನ ಜಗಳ ಮುಖ್ಯವಾಗಿ ಪಾಲಿನದು. ತೆಗೆಯುವುದನ್ನು ಹಂಚಿಕೊಳ್ಳುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಅಲ್ಲಿ ವಾಸವಾಗಿರುವ ಜೀವಿಗಳ ಪರವಾಗಿ ಮಾತಾಡುವಷ್ಟು ತಿಳಿವಳಿಕೆ ಯಾರಿಗೂ ಇರಲಿಲ್ಲ.

ನಡುವೆ ಒಂದು ವಿಚಿತ್ರ ಘಟನೆಯೂ ನಡೆಯಿತು. 1974ರಲ್ಲಿ ಗ್ಲೋಮಾರ್ ಎಕ್ಸ್‌ಪ್ಲೋರರ್ ಎಂಬ ಹಡಗು ಲೋಹದ ಗಂಟು ತೆಗೆಯುವ ಹೆಸರಿನಲ್ಲಿ ಪೆಸಿಫಿಕ್‌ಗೆ ಹೋಯಿತು. ನಿಜವಾಗಿ ಅದು ಹೋಗಿದ್ದು ಮುಳುಗಿದ್ದ ಸೋವಿಯತ್ ಜಲಾಂತರ್ಗಾಮಿಯನ್ನು ಮೇಲೆತ್ತಲು. ಹಿಂದೆ ಇದ್ದದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ. ಗಣಿ ಅನ್ನೋದು ಆಗ ನೆಪವಾಗಿತ್ತು. ನಾಲ್ಕೇ ವರ್ಷದಲ್ಲಿ ನಿಜವಾದ ಗಣಿ ಪ್ರಯೋಗಕ್ಕೂ ಅದೇ ಹಡಗು ಬಾಡಿಗೆಗೆ ಹೋಯಿತು.

ಇದೇ ಹೊತ್ತಿನಲ್ಲಿ, 1977ರಲ್ಲಿ, ಗಲಾಪಗೋಸ್ ಹತ್ತಿರ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಎರಡೂವರೆ ಸಾವಿರ ಮೀಟರ್ ಇಳಿದವರಿಗೆ ಬಿಸಿನೀರಿನ ಬುಗ್ಗೆಗಳು ಕಂಡವು. ಸುತ್ತ ಜೀವಿಗಳ ಸಂತೆ. ಸೂರ್ಯನ ಬೆಳಕಿನ ಹಂಗೇ ಇಲ್ಲದೆ, ಬುಗ್ಗೆಯ ರಾಸಾಯನಿಕ ತಿಂದು ಬದುಕುವ ಬ್ಯಾಕ್ಟೀರಿಯಾಗಳನ್ನು ನೆಚ್ಚಿಕೊಂಡ ಜಗತ್ತು ಅದು. ಜೀವ ಹೇಗೆಲ್ಲ ಬದುಕಬಲ್ಲದು ಎಂಬ ನಮ್ಮ ತಿಳಿವಳಿಕೆಯೇ ಬದಲಾಯಿತು. ಬುಗ್ಗೆಯ ಬಾಯಲ್ಲಿ ತಾಮ್ರ, ಚಿನ್ನ ಗಟ್ಟಿಯಾಗಿ ಕೂತಿರುತ್ತದೆ ಎಂದು ತಿಳಿದಾಗ ಅಲ್ಲಿಗೂ ಗಣಿಯವರ ಕಣ್ಣು ಬಿತ್ತು.

ಗಣಿ ಹಡಗುಗಳು ಇನ್ನೂ ಪ್ರಯೋಗದಲ್ಲೇ ಇದ್ದಾಗ ಮೀನಿನ ಹಡಗುಗಳು ಆಳಕ್ಕೆ ಇಳಿದಾಗಿತ್ತು. ತಳ ಬಾಚುವ ಬಲೆಯ ಮೇಲಿನ ದೂರು ತುಂಬ ಹಳೆಯದು. 1376ರಲ್ಲಿ ಇಂಗ್ಲೆಂಡಿನ ಮೀನುಗಾರರು ಮೂರನೇ ಎಡ್ವರ್ಡ್ ರಾಜನಿಗೆ ಅರ್ಜಿ ಕೊಟ್ಟರು. ಹೊಸ ತರದ ಬಲೆಯೊಂದು ಬಂದಿದೆ, ಭಾರವಾಗಿ ನೆಲ ಉಜ್ಜಿಕೊಂಡು ಹೋಗುತ್ತದೆ, ನೀರಿನ ಕೆಳಗಿನ ನೆಲದ ಹೂವುಗಳನ್ನೂ ಸಿಂಪಿಯ ಮರಿಗಳನ್ನೂ ಹಾಳುಮಾಡುತ್ತಿದೆ ಅನ್ನುವುದು ಅವರ ಅಳಲು. ಇದನ್ನು ಓದುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆರೂವರೆ ಶತಮಾನದ ಹಿಂದೆ ಹಾಯಿ ದೋಣಿಯವರಿಗೆ ಕಂಡದ್ದು ನಮಗೆ ಕಾಣಲು ಇಷ್ಟು ಕಾಲ ಬೇಕಾಯಿತು, ಅಲ್ವಾ?

ಎರಡನೇ ಮಹಾಯುದ್ಧದ ನಂತರ ಎಂಜಿನ್ ಬಲ ಹೆಚ್ಚಿತು, ತಳ ತೋರಿಸುವ ಸೋನಾರ್ ಬಂತು. 1960ರ ದಶಕದ ಕೊನೆಗೆ ಸೋವಿಯತ್ ಟ್ರಾಲರ್‌ಗಳು, ಅಂದರೆ ತಳ ಬಾಚುವ ಬಲೆ ಎಳೆಯುವ ಹಡಗುಗಳು, ಉತ್ತರ ಪೆಸಿಫಿಕ್‌ನ ಮುಳುಗು ಬೆಟ್ಟಗಳ ಮೇಲೆ ರಾಶಿ ಮೀನು ಕಂಡವು. ಹತ್ತೇ ವರ್ಷದಲ್ಲಿ ಅಲ್ಲಿ ಬಾಚಲು ಏನೂ ಉಳಿಯಲಿಲ್ಲ. ಆಮೇಲೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆ ಆರೆಂಜ್ ರಫಿ ಎಂಬ ಮೀನು ಸಿಕ್ಕಿತು. ಬೆಟ್ಟದ ನೆತ್ತಿಯಲ್ಲಿ ಮೊಟ್ಟೆ ಇಡಲು ಗುಂಪುಗೂಡುವ ಮೀನು. ಕೆಲವೇ ನಿಮಿಷ ಬಲೆ ಎಳೆದರೂ ಟನ್‌ಗಟ್ಟಲೆ ಬೀಳುತ್ತಿತ್ತು. ವಯಸ್ಸು ಲೆಕ್ಕ ಹಾಕುವ ಹೊತ್ತಿಗೆ ತಡವಾಗಿತ್ತು. ಆ ಮೀನು ಪ್ರಾಯಕ್ಕೆ ಬರಲೇ ಸುಮಾರು 30 ವರ್ಷ ಬೇಕು. ನೂರು ದಾಟಿ ಬದುಕುತ್ತದೆ. ಅಂದರೆ ತಟ್ಟೆಯಲ್ಲಿದ್ದ ಮೀನು ತಿನ್ನುವವರ ಅಜ್ಜಿಗಿಂತ ಹಿರಿಯದಾಗಿರಬಹುದಿತ್ತು. 2006ರಲ್ಲಿ ಆಸ್ಟ್ರೇಲಿಯಾ ಅದನ್ನು ಸಂರಕ್ಷಣೆ ಬೇಕಾದ ಜೀವಿಗಳ ಪಟ್ಟಿಗೆ ಸೇರಿಸಿತು.

ನಮ್ಮ ಮಲ್ಪೆ, ಮಂಗಳೂರಿನ ಬಂದರಿನಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ದಡದಲ್ಲೇ ನಿಲ್ಲುತ್ತವೆ. 61 ದಿನದ ರಜೆ. ಬೂತಾಯಿಯಂಥ ಮೀನಿಗೆ ಆ ರಜೆಯಿಂದ ಪ್ರಯೋಜನವಿದೆ, ಯಾಕೆಂದರೆ ಅದು ಒಂದು ವರ್ಷದೊಳಗೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಆರೆಂಜ್ ರಫಿಗೆ ಅಂಥದೇ ಬಿಡುವು ಕೊಡಬೇಕಾದರೆ ಒಂದು ತಲೆಮಾರಿನ ಕಾಲ ಬಲೆ ಮೇಲಿಡಬೇಕು. ಹವಳಕ್ಕಂತೂ ಆ ಲೆಕ್ಕವೂ ಸಾಲದು. ಹವಾಯಿಯ ಆಳ ನೀರಿನ ಒಂದು ಕಪ್ಪು ಹವಳಕ್ಕೆ 4,265 ವರ್ಷ ಎಂದು 2009ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಅಂಥದ್ದರ ಮೇಲೆ ಬಲೆಯ ಕಬ್ಬಿಣದ ಹಲಗೆ ಹಾದುಹೋದರೆ ಒಂದೇ ಏಟಿಗೆ ಮುಗಿಯಿತು.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಸುಮಾರು ಸಾವಿರ ಮೀಟರ್ ಆಳದಲ್ಲಿ, 1998ರಲ್ಲಿ ಹವಳ ಬೆಳೆದ ದಿಬ್ಬಗಳು ಸಿಕ್ಕವು. ಡಾರ್ವಿನ್ ದಿಬ್ಬಗಳು ಎಂದು ಹೆಸರಿಟ್ಟರು. ಮತ್ತೆ ಹೋಗಿ ನೋಡಿದರೆ ಬಲೆ ಎಳೆದ ಗೆರೆಗಳು, ಪುಡಿಯಾದ ಹವಳ. 2003ರಲ್ಲಿ ಐರೋಪ್ಯ ಒಕ್ಕೂಟ ಅಲ್ಲಿ ತಳ ಬಾಚುವುದನ್ನು ತುರ್ತಾಗಿ ನಿಲ್ಲಿಸಿತು. 2004ರಲ್ಲಿ ಸಾವಿರಕ್ಕೂ ಜಾಸ್ತಿ ವಿಜ್ಞಾನಿಗಳು ಸಹಿ ಹಾಕಿ ವಿಶ್ವಸಂಸ್ಥೆಯ ಬಾಗಿಲು ತಟ್ಟಿದರು. ಪೂರ್ತಿ ನಿಷೇಧಕ್ಕೆ ಒಮ್ಮತ ಸಿಗಲಿಲ್ಲ. 2006ರ ಡಿಸೆಂಬರ್‌ನಲ್ಲಿ ಬಂದ ನಿರ್ಣಯ, ಸೂಕ್ಷ್ಮ ತಳ ಇರುವ ಕಡೆ ಹಾನಿಯಾಗದಂತೆ ನೋಡಿಕೊಳ್ಳಿ, ಇಲ್ಲವೇ ಅಲ್ಲಿ ಬಲೆ ಹಾಕಬೇಡಿ ಎಂದಿತು. 2016ರಲ್ಲಿ ಐರೋಪ್ಯ ಒಕ್ಕೂಟ ತನ್ನ ನೀರಿನಲ್ಲಿ 800 ಮೀಟರ್‌ಗಿಂತ ಆಳದಲ್ಲಿ ತಳ ಬಾಚುವುದನ್ನೇ ನಿಷೇಧಿಸಿತು. ಇದು ದೊಡ್ಡ ಗೆಲುವು. ಮೀನುಗಾರಿಕೆಯಲ್ಲಿ ಹಾನಿ ಮೊದಲು ಬಂತು, ಕಾನೂನು ಹಿಂದಿನಿಂದ ಓಡೋಡಿ ಬಂತು. ಗಣಿಯ ವಿಷಯದಲ್ಲಿ ಹಾಗಾಗದೆ ಇರಲು ಇನ್ನೂ ಸಮಯವಿದೆ. ವ್ಯಾಪಾರಕ್ಕಾಗಿ ಲೋಹದ ಗಂಟು ತೆಗೆಯುವ ಕೆಲಸ ಇನ್ನೂ ಎಲ್ಲೂ ಶುರುವಾಗಿಲ್ಲ.

ಪಾರ್ಡೊ ಅವರ ಕನಸು 1982ರಲ್ಲಿ ಸಮುದ್ರ ಕಾನೂನು ಒಪ್ಪಂದವಾಯಿತು, 1994ರಲ್ಲಿ ಜಾರಿಗೆ ಬಂತು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಹುಟ್ಟಿತು. ಗಣಿಗೆ ಅನುಮತಿ ಕೊಡುವುದೂ ಅದೇ, ತಳದ ಜೀವಿಗಳನ್ನು ಕಾಪಾಡಬೇಕಾದದ್ದೂ ಅದೇ. ಈ ಎರಡೂ ಜವಾಬ್ದಾರಿ ಒಂದೇ ಕೈಗೆ ಕೊಟ್ಟದ್ದು ಸರಿಯಲ್ಲ ಎಂದು ನನ್ನ ಅನಿಸಿಕೆ. ಅಮೆರಿಕ ಈ ಒಪ್ಪಂದಕ್ಕೆ ಸೇರಲೇ ಇಲ್ಲ. 1980ರಲ್ಲೇ ತನ್ನದೊಂದು ಪ್ರತ್ಯೇಕ ಕಾನೂನು ಮಾಡಿಟ್ಟುಕೊಂಡಿತ್ತು.

ಭಾರತ ಈ ಕಥೆಯಲ್ಲಿ ಹೊರಗಿನವನಲ್ಲ. 1981ರ ಜನವರಿ 26ರಂದು ಗವೇಷಣಿ ಎಂಬ ನಮ್ಮ ಹಡಗು ಅರಬ್ಬಿ ಸಮುದ್ರದ ತಳದಿಂದ ಮೊದಲ ಗಂಟನ್ನು ಎತ್ತಿತು. 1987ರಲ್ಲಿ ಗಣಿ ಹುಡುಕಾಟದ ಮುಂಚೂಣಿ ಹೂಡಿಕೆದಾರ ಎಂದು ನೋಂದಣಿ ಪಡೆದ ಮೊದಲ ದೇಶ ನಾವೇ. ಹಿಂದೂ ಮಹಾಸಾಗರದ ನಡುಮಧ್ಯೆ ಈಗ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕಾಟದ ಗುತ್ತಿಗೆ ನಮ್ಮದಿದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಅಲ್ಲಿ 38 ಕೋಟಿ ಟನ್ ಗಂಟುಗಳಿವೆ ಎಂದು ಸರ್ಕಾರದ ಅಂದಾಜು. 2021ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ವರಾಹ ಎಂಬ ಯಂತ್ರ 5,270 ಮೀಟರ್ ಆಳದಲ್ಲಿ ಓಡಾಡಿ ಬಂತು. ಅದೇ ವರ್ಷ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಗೆ ಒಪ್ಪಿಗೆ ಸಿಕ್ಕಿತು. ನಮ್ಮ ಎಂಜಿನಿಯರ್‌ಗಳ ಜಾಣ್ಮೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆ ಜಾಣ್ಮೆ ಆಳವನ್ನು ಅರಿಯಲು ಮೊದಲು ಬಳಕೆಯಾಗಲಿ ಎಂಬ ಆಸೆಯೂ ಇದೆ.

ಅರಿಯುವುದು ಎಷ್ಟಿದೆ ಅಂತೀರಾ? ಪೆಸಿಫಿಕ್‌ನ ಗಂಟುಗಳ ಬಯಲಿನಲ್ಲಿ ಈವರೆಗೆ ಕಂಡ ಜೀವಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಇನ್ನೂ ವಿಜ್ಞಾನದಲ್ಲಿ ಹೆಸರಿಲ್ಲ ಎಂದು 2023ರ ಒಂದು ಅಧ್ಯಯನ ಲೆಕ್ಕ ಹಾಕಿತು. ಪೆರು ದೇಶದ ಆಚೆ, ನಾಲ್ಕು ಸಾವಿರ ಮೀಟರ್ ಕೆಳಗೆ, ಬಿಳಿಚಿಕೊಂಡ ಒಂದು ಆಕ್ಟೋಪಸ್ ಇದೆ. ಗಂಟಿನ ಮೇಲೆ ಸ್ಪಂಜು ಬೆಳೆಯುತ್ತದೆ. ಸ್ಪಂಜು ಸತ್ತ ಮೇಲೆ ಉಳಿಯುವ ಕಡ್ಡಿಗೆ ಈ ತಾಯಿ ಮೊಟ್ಟೆ ಅಂಟಿಸಿ, ಅವುಗಳನ್ನು ಮೈಯಿಂದ ಮುಚ್ಚಿಕೊಂಡು ಕೂರುತ್ತದೆ. ಎಷ್ಟು ಕಾಲವೋ. ಕ್ಯಾಲಿಫೋರ್ನಿಯಾದ ಬಳಿ ಇನ್ನೊಂದು ಜಾತಿಯ ತಾಯಿ ಹೀಗೆ 53 ತಿಂಗಳು ಕೂತದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಗಂಟು ಎತ್ತಿದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ಮೊಟ್ಟೆಗೆ ಜಾಗವಿಲ್ಲ. ಯಂತ್ರ ಎಬ್ಬಿಸುವ ಕೆಸರಿನ ಮೋಡ ಪಕ್ಕದ ಜಾಗಕ್ಕೂ ಹರಡುತ್ತದೆ.

ನಮ್ಮ ಹಿಂದೂ ಮಹಾಸಾಗರದ ಬಿಸಿ ಬುಗ್ಗೆಗಳಲ್ಲೂ ಒಂದು ಬಸವನಹುಳು ಇದೆ. ಅದರ ಪಾದಕ್ಕೆ ಕಬ್ಬಿಣದ ಅಂಶವಿರುವ ಚಿಪ್ಪುಗಳ ಕವಚ. ಸಿಕ್ಕಿದ್ದು 2001ರಲ್ಲಿ. 2019ರಲ್ಲಿ ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿತು. ಆಳ ಕಡಲ ಗಣಿಯ ಭಯದಿಂದ ಆ ಪಟ್ಟಿ ಸೇರಿದ ಮೊದಲ ಜೀವಿ ಅದು. ಆಗ ಗೊತ್ತಿದ್ದ ಅದರ ಮೂರು ನೆಲೆಗಳಲ್ಲಿ ಎರಡು, ಗಣಿ ಹುಡುಕಾಟದ ಪರವಾನಗಿ ಜಾಗದೊಳಗೇ ಇದ್ದವು.

ಪಪುವಾ ನ್ಯೂಗಿನಿಯಲ್ಲಿ ಇಂಥ ಬುಗ್ಗೆಗಳನ್ನು ಅಗೆಯಲು 2011ರಲ್ಲಿ ನಾಟಿಲಸ್ ಮಿನರಲ್ಸ್ ಎಂಬ ಕಂಪನಿಗೆ ಗುತ್ತಿಗೆ ಸಿಕ್ಕಿತ್ತು. ಕರಾವಳಿಯ ಜನ ಗಟ್ಟಿಯಾಗಿ ವಿರೋಧಿಸಿದರು. ಗಣಿ ಶುರುವಾಗುವ ಮೊದಲೇ, 2019ರಲ್ಲಿ, ಕಂಪನಿ ದಿವಾಳಿಯಾಯಿತು. ಬಡ ದೇಶ ಹಾಕಿದ ಸುಮಾರು 12 ಕೋಟಿ ಡಾಲರ್ ಮುಳುಗಿತು.

ಆದರೂ ಒತ್ತಡ ನಿಂತಿಲ್ಲ. 2021ರಲ್ಲಿ ನೌರು ಎಂಬ ಪುಟ್ಟ ದ್ವೀಪ ದೇಶ, ಕೆನಡಾದ ದಿ ಮೆಟಲ್ಸ್ ಕಂಪನಿಯ ಜೊತೆ ಸೇರಿ, ಎರಡು ವರ್ಷದಲ್ಲಿ ಗಣಿ ನಿಯಮ ಮಾಡಿ ಎಂದು ಸಮುದ್ರತಳ ಪ್ರಾಧಿಕಾರಕ್ಕೆ ಗಡುವು ಕೊಟ್ಟಿತು. ಗಡುವು 2023ರಲ್ಲಿ ಮುಗಿಯಿತು, ನಿಯಮ ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಹಳೆಯ 1980ರ ಕಾನೂನಿನ ಅಡಿ ಪರವಾನಗಿ ಬೇಗ ಕೊಡಿ ಎಂದು ಆದೇಶಿಸಿದರು. ಅದೇ ಕಂಪನಿ ಕೆಲವೇ ದಿನದಲ್ಲಿ ಅಮೆರಿಕಕ್ಕೆ ಅರ್ಜಿ ಹಾಕಿತು. ಬ್ಯಾಟರಿಗೆ ಈ ಲೋಹ ಬೇಕೇ ಬೇಕು ಅನ್ನುವುದು ಅವರ ವಾದ. ಆದರೆ ಈಗ ರಸ್ತೆಯಲ್ಲಿ ಓಡುವ ಎಷ್ಟೋ ವಿದ್ಯುತ್ ಕಾರುಗಳ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯಲ್ಲಿ ನಿಕಲ್ಲೂ ಇಲ್ಲ, ಕೋಬಾಲ್ಟೂ ಇಲ್ಲ.

ಇನ್ನೊಂದು ಕಡೆ ಭರವಸೆಯ ಸುದ್ದಿಯೂ ಇದೆ. ಅಂತರರಾಷ್ಟ್ರೀಯ ಕಡಲಿನ ಜೀವವೈವಿಧ್ಯ ಕಾಪಾಡುವ ಒಪ್ಪಂದ 2026ರ ಜನವರಿ 17ರಂದು ಜಾರಿಗೆ ಬಂತು. ಭಾರತ 2024ರಲ್ಲೇ ಅದಕ್ಕೆ ಸಹಿ ಹಾಕಿದೆ. ಸುಮಾರು 40 ದೇಶಗಳು ಗಣಿಗೆ ತಡೆ ಹಾಕಿ, ಮೊದಲು ಅಧ್ಯಯನ ಆಗಲಿ ಎಂದು ದನಿ ಎತ್ತಿವೆ. ಫ್ರಾನ್ಸ್ ಇದೆ, ಪಲಾವು ಇದೆ, ಫಿಜಿ ಇದೆ. ಆ ಪಟ್ಟಿಯಲ್ಲಿ ಭಾರತದ ಹೆಸರನ್ನು ನಾನು ಹುಡುಕುತ್ತಲೇ ಇರುತ್ತೇನೆ. ಇನ್ನೂ ಬಂದಿಲ್ಲ.