ಕಾಗದದ ನಾರಿಗೆ ಎಷ್ಟು ಜನ್ಮ?

ಶಿರಸಿ ಪೇಟೆಯಲ್ಲಿ ಅಂಗಡಿ ಮುಂದೆ ಬಿದ್ದಿರುವ ಒಂದು ರಟ್ಟಿನ ಡಬ್ಬಿ ಎತ್ತಿಕೊಳ್ಳಿ. ಅಂಚು ಹರಿದು ಬೆಳಕಿಗೆ ಹಿಡಿಯಿರಿ. ಹರಿದ ಕಡೆ ಸಣ್ಣ ಸಣ್ಣ ಎಳೆ ಎದ್ದು ನಿಂತಿರುತ್ತವೆ. ಅದೇ ನಾರು. ನಾರನ್ನು ನೀರಲ್ಲಿ ಕದಡಿ, ಜಾಲರಿ ಮೇಲೆ ಹರಡಿ, ಒತ್ತಿ ಒಣಗಿಸಿದರೆ ಕಾಗದ. ಎಳೆಗಳನ್ನು ಕೂಡಿಸಲು ಅಂಟು ಬೇಕಿಲ್ಲ. ಒಣಗುವಾಗ ಹೈಡ್ರೋಜನ್ ಬಂಧ ಅನ್ನುವ ಅಣುಗಳ ನಡುವಿನ ಸೆಳೆತದಿಂದ ತಾವೇ ಕಚ್ಚಿಕೊಳ್ಳುತ್ತವೆ. ನೀರು ಬಿದ್ದರೆ ಬಿಟ್ಟುಕೊಳ್ಳುತ್ತವೆ. ರದ್ದಿ ಮತ್ತೆ ಕಾಗದವಾಗುವುದು ಈ ಗುಣದಿಂದಲೇ.

ನಾರು ಉದ್ದ ಇದ್ದಷ್ಟೂ ಕಾಗದ ಸುಲಭಕ್ಕೆ ಹರಿಯುವುದಿಲ್ಲ. ಪೈನ್ ಮರದ ನಾರು ಸುಮಾರು 3 ಮಿಲಿಮೀಟರ್. ನೀಲಗಿರಿಯದು 1 ಮಿಲಿಮೀಟರ್ ಕೂಡ ಇರುವುದಿಲ್ಲ. ಬಿದಿರು ಇವೆರಡರ ನಡುವೆ. 1950ರ ದಶಕದಲ್ಲಿ ದಾಂಡೇಲಿಯ ಕಾಳಿ ನದಿ ದಂಡೆಗೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂದಿದ್ದು ಸುತ್ತಲ ಕಾಡಿನ ಬಿದಿರು ನೋಡಿಕೊಂಡೇ.

ಮುಗಿಯುವುದೇ ಇಲ್ಲ ಅಂದುಕೊಂಡಿದ್ದ ಬಿದಿರು ಕಡಿಮೆಯಾಗುತ್ತಾ ಬಂತು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾರಣ ಹುಡುಕಲು ಕಾಡಿಗಿಳಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳು ದಟ್ಟವಾಗಿ ಹೆಣೆದುಕೊಂಡಿರುತ್ತದೆ. ಗಳ ಕಡಿಯಲು ಅಡ್ಡಿ ಅಂತ ಮುಳ್ಳನ್ನು ಮೊದಲೇ ಸವರಿ ಹಾಕುತ್ತಿದ್ದರು. ಬೇಲಿ ಹೋದ ಮೇಲೆ ಕೇಳಬೇಕೇ? ಮಳೆಗಾಲದಲ್ಲಿ ಎದ್ದ ಕಳಲೆಯೆಲ್ಲ ದನಕ್ಕೆ, ಕಾಡುಪ್ರಾಣಿಗೆ ಮೇವಾಯಿತು. ಹೊಸ ಗಳ ಮೇಲೇಳಲೇ ಇಲ್ಲ. ಊರಿನವರಿಗೆ ಇದು ಗೊತ್ತಿತ್ತು, ಕೇಳಿದವರು ಮಾತ್ರ ಕಡಿಮೆ. ಈಗ ಕಾಗದದ ಮಿಲ್ಲುಗಳಿಗೆ ಹೆಚ್ಚಾಗಿ ರೈತರು ಬೆಳೆದ ಸುಬಾಬುಲ್, ನೀಲಗಿರಿ, ಗಾಳಿಮರ ಹೋಗುತ್ತದೆ.

ಹಾಗಾದರೆ ರದ್ದಿಯನ್ನೇ ಮತ್ತೆ ಮತ್ತೆ ಬಳಸಿದರಾಯಿತು, ಅಲ್ವಾ? ನಮ್ಮ ದೇಶದಲ್ಲಿ ತಯಾರಾಗುವ ಕಾಗದದಲ್ಲಿ ದೊಡ್ಡ ಪಾಲು ರದ್ದಿಯಿಂದಲೇ ಬರುತ್ತದೆ. ಆದರೆ ನಾರಿಗೂ ವಯಸ್ಸಾಗುತ್ತದೆ. ಮೊದಲ ಸಲ ಒಣಗಿದಾಗಲೇ ಅದರ ಗೋಡೆಯೊಳಗಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ, ಎಷ್ಟೋ ಮತ್ತೆ ತೆರೆಯುವುದೇ ಇಲ್ಲ. ಹೂ ಕಟ್ಟುವ ಒಣ ಬಾಳೆಪಟ್ಟೆ ನೆನೆಸಿದರೆ ಬಗ್ಗುತ್ತದೆ, ಆದರೆ ಹಸಿಪಟ್ಟೆಯ ಹಾಗೆ ಉಬ್ಬುತ್ತದೆಯೇ? ನಾರಿನ ಕಥೆಯೂ ಅದೇ. ಪೆಡಸಾದ ನಾರು ಪಕ್ಕದ್ದನ್ನು ಸರಿಯಾಗಿ ಕಚ್ಚುವುದಿಲ್ಲ. ಮೆದುವಾಗಲಿ ಅಂತ ಮಿಲ್ಲಿನಲ್ಲಿ ಅರೆದರೆ ತುಂಡಾಗುತ್ತದೆ. ಸಾಮಾನ್ಯವಾಗಿ ಐದಾರು ಸುತ್ತಿನ ಹೊತ್ತಿಗೆ ಬಹಳಷ್ಟು ಪುಡಿಯಾಗಿ ನೀರಿನ ಜೊತೆ ಹೋಗುತ್ತದೆ. ಅದಕ್ಕೇ ಹೊಸ ನಾರು ಬೆರೆಸುತ್ತಲೇ ಇರಬೇಕು. ಅಮೆರಿಕದ ಹಳೇ ರಟ್ಟಿನ ಪೆಟ್ಟಿಗೆಗಳು ಹಡಗು ಹತ್ತಿ ನಮ್ಮ ಮಿಲ್ಲುಗಳಿಗೆ ಬರುವುದು ಅದರಲ್ಲಿರುವ ಉದ್ದ ನಾರಿಗಾಗಿ.

ಶಾಯಿ ತೆಗೆಯುವ ವಿಧಾನ ಚೆಂದ ಇದೆ. ಕದಡಿದ ರದ್ದಿಗೆ ಸೋಪಿನಂಥ ರಾಸಾಯನಿಕ ಹಾಕಿ ತಳದಿಂದ ಗಾಳಿ ಬಿಡುತ್ತಾರೆ. ನೀರಿಗಾಗದ ಶಾಯಿ ಗುಳ್ಳೆಗೆ ಅಂಟಿ ಮೇಲೆ ಬರುತ್ತದೆ, ನೊರೆ ತೆಗೆದರಾಯಿತು. ತಲೆನೋವು ಜಾಸ್ತಿ ಇರುವುದು ಜೆರಾಕ್ಸ್ ಪ್ರತಿಗಳಲ್ಲಿ. ಟೋನರ್ ಅಂದರೆ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ, ಹಕ್ಕಳೆ ಹಕ್ಕಳೆಯಾಗಿ ಉಳಿದುಬಿಡುತ್ತದೆ. ಇದಕ್ಕೆ ಸೆಲ್ಯುಲೇಸ್ ಕಿಣ್ವ ಬಳಸುವ ದಾರಿಯನ್ನು ಸಂಶೋಧಕರು ಕಂಡುಕೊಂಡಿದ್ದಾರೆ. ಕಿಣ್ವ ನಾರಿನ ಮೇಲ್ಮೈಯನ್ನು ಚೂರು ಮೆದ್ದು ಟೋನರನ್ನು ಸಡಿಲ ಮಾಡುತ್ತದೆ. ಪ್ರಮಾಣ ಹೆಚ್ಚಾದರೆ ನಾರನ್ನೇ ತಿನ್ನುತ್ತದೆ! ಇನ್ನು ಸೆಲ್ಲೊಟೇಪಿನ ಅಂಟು ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ನುಣ್ಣನೆಯ ಎಟಿಎಂ ಚೀಟಿಯಲ್ಲಿ ರಾಸಾಯನಿಕದ ಲೇಪ ಇರುತ್ತದೆ. ಎರಡನ್ನೂ ರದ್ದಿಗೆ ಸೇರಿಸದಿದ್ದರೆ ಒಳ್ಳೆಯದು.

ಉದ್ದ ನಾರು ನಮ್ಮ ಅಡಿಕೆ ತೋಟದಲ್ಲೇ ಇದೆಯಲ್ಲ ಅನ್ನಬಹುದು. ಗೊನೆ ಕಡಿದ ಮೇಲೆ ಬಾಳೆದಿಂಡು ಸುಮ್ನೆ ಕೊಳೆಯುತ್ತದೆ. ಬಾಳೆಯ ನೆಂಟ ಅಬಾಕಾದ ನಾರಿನಿಂದ ಟೀ ಬ್ಯಾಗಿನ ಕಾಗದ ಮಾಡುತ್ತಾರೆ, ಬಿಸಿನೀರಲ್ಲೂ ಹರಿಯದಷ್ಟು ಗಟ್ಟಿ. ಆದರೆ ದಿಂಡಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರು. ಹತ್ತು ಕ್ವಿಂಟಲ್ ದಿಂಡನ್ನು ಶಿರಸಿಯಿಂದ ದಾಂಡೇಲಿಗೆ ಸಾಗಿಸಿದರೆ ಒಂದು ಕ್ವಿಂಟಲ್ ಒಣ ಪದಾರ್ಥವೂ ಸಿಗುವುದಿಲ್ಲ, ಲಾರಿ ಬಾಡಿಗೆಯೆಲ್ಲ ನೀರಿಗೆ. ತೋಟದಲ್ಲೇ ನಾರು ಬಿಡಿಸುವ ಯಂತ್ರಗಳಿವೆ, ಆ ನಾರಿಗೆ ಚೀಲ, ಕರಕುಶಲ ವಸ್ತು, ಕೈಕಾಗದದಲ್ಲಿ ಬೆಲೆ ಸಿಕ್ಕೀತು. ಮಕ್ಕಳ ನೋಟ್‌ಬುಕ್ಕಿಗೆ ಮಾತ್ರ ಸದ್ಯಕ್ಕೆ ಆ ಲೆಕ್ಕ ಕೂಡಿಬರುವುದಿಲ್ಲ.